ತೆಪ್ಪ ಕಟ್ಟುವ ಅಂಕಮ್ಮ

ಉಯ್ಯಂಬಳ್ಳಿಯಿಂದ ಕೆಳಗೆ, ಕಾವೇರಿಯ ದಂಡೆಯ ಬೆಸ್ತರ ಊರೊಂದಕ್ಕೆ ಅಂಕಮ್ಮ ಸೊಸೆಯಾಗಿ ಬಂದಾಗ ಅವಳಿಗೆ ಈಜು ಬರುತ್ತಿರಲಿಲ್ಲ. ಗಂಡ ಚಲುವಯ್ಯ ಅವಳನ್ನು ತೆಪ್ಪದಲ್ಲಿ ಕೂರಿಸಿಕೊಂಡು ಹೊಳೆಯ ನಡುವಿಗೆ ಹೋಗಿ, ಹುಟ್ಟನ್ನು ಅವಳ ಕೈಗೆ ಕೊಟ್ಟು, ತಾನು ಬೀಡಿ ಹಚ್ಚಿ ಸುಮ್ಮನೆ ಕೂತುಬಿಟ್ಟನಂತೆ. ಬಿದಿರಿನ ದಬ್ಬೆಯಲ್ಲಿ ಬುಟ್ಟಿಯ ಹಾಗೆ ದುಂಡಗೆ ಹೆಣೆದು, ಹೊರಮೈಗೆ ಬಟ್ಟೆ ಹೊಲಿದು ಟಾರು ಬಳಿದ ಆ ದೋಣಿ ನಿಂತಲ್ಲೇ ಗಿರಗಿರ ಸುತ್ತತೊಡಗಿತು. ಅವಳು ಅತ್ತಳು, ಬೈದಳು, ಕೊನೆಗೆ ದಡ ಮುಟ್ಟಿಸಿದಳು. ಆಮೇಲೆ ಗಂಡ ಬಲೆ ಬಿಡುವುದು, ಇವಳು ಹುಟ್ಟು ಹಾಕುವುದು ಎಂದಾಯಿತು. ಅವರಿಗೆ ಮಕ್ಕಳಾಗಲಿಲ್ಲ. ಹಾಗಾಗಿ ಅವನು ಹೋದಲ್ಲಿಗೆಲ್ಲ ಇವಳೂ ಹೋದಳು.

ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ಅಲ್ಲಿ ಬಲೆ ಬಿಡಲು ಆಗುತ್ತಿರಲಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ಒಂದು ವರ್ಷ ಅವರು ತೆಪ್ಪವನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು, ಕನಕಪುರ ದಾಟಿ, ರಾಮನಗರದಲ್ಲಿ ಬಸ್ಸು ಬದಲಿಸಿ, ಚನ್ನಪಟ್ಟಣಕ್ಕೆ ಹೋದರು. ಕಣ್ವ ಜಲಾಶಯದಲ್ಲಿ ಮೀನು ಹಿಡಿಯಲು ಅಲ್ಲಿನ ಗುತ್ತಿಗೆದಾರ ಒಪ್ಪಿಗೆ ಕೊಟ್ಟಿದ್ದ. ಆದರೆ ಚನ್ನಪಟ್ಟಣದಲ್ಲಿ ಇಳಿಸುವಾಗ ತೆಪ್ಪ ಆಳುಗಳ ಕೈ ಜಾರಿ ರಸ್ತೆಗೆ ಬಿತ್ತು. ಹೊರಗಿನ ಬಟ್ಟೆ ಹರಿದು ತಳದಲ್ಲಿ ಕೈ ತೂರುವಷ್ಟು ಬಿರುಕು ಕಾಣಿಸಿತು.

ಊರಲ್ಲಾಗಿದ್ದರೆ ಚಲುವಯ್ಯನ ಸೋದರಮಾವನೇ ಸರಿಮಾಡುತ್ತಿದ್ದ. ಇಲ್ಲಿ ಯಾರನ್ನು ಕೇಳಬೇಕೆಂದು ಗೊತ್ತಿರಲಿಲ್ಲ. ಹೆದ್ದಾರಿಯ ಪಕ್ಕದಲ್ಲಿ ಗಫಾರ್ ಎಂಬ ಸಾಬರು ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಾರೆ, ಅವರ ಹೊಲಿಗೆಯೊಳಗೆ ನೀರು ಇಳಿಯುವುದಿಲ್ಲ ಎಂದು ಬೊಂಬೆ ಅಂಗಡಿಯವರೊಬ್ಬರು ಹೇಳಿದರು. ಗಂಡ ಹೆಂಡತಿ ತೆಪ್ಪವನ್ನು ಅಲ್ಲಿಗೆ ಹೊತ್ತರು.

ಗಫಾರ್ ಸಾಬರು ಕೂರಿ ಎನ್ನಲಿಲ್ಲ, ಯಾವೂರು ಎಂದು ಕೇಳಲಿಲ್ಲ. ಹರಿದ ಕಡೆ ಕೈ ತೂರಿಸಿ ಒಳಗಿನ ದಬ್ಬೆಯನ್ನು ಒಂದೊಂದಾಗಿ ಹಿಸುಕಿ ನೋಡಿದರು.

"ಬಿದಿರು ಕೊಳ್ತೋಗೈತೆ. ನಾನು ಬಟ್ಟೆ ಹೊಲೀಬೋದು, ಆದ್ರೆ ಹೊಲಿಯಾಕಿಲ್ಲ. ಸುಟ್ಟಾಕಿ, ಹೊಸದು ಕಟ್ಕೊಳಿ" ಎಂದು ಹೇಳಿ ಮತ್ತೆ ಸೂಜಿ ಹಿಡಿದರು.

ಚಲುವಯ್ಯನಿಗೆ ಕೆನ್ನೆಗೆ ಹೊಡೆದಂತಾಯಿತು. ಅದು ಅವನ ಅಪ್ಪ ಹೆಣೆದ ತೆಪ್ಪ. ಆ ಮನುಷ್ಯನ ಬಾಯಲ್ಲಿ ಒಂದು ಒಳ್ಳೆಯ ಮಾತೂ ಇಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದ. ಅಂಕಮ್ಮನೂ ಹೌದು ಎಂದಳು.

ಜಲಾಶಯದ ದಂಡೆಯಲ್ಲಿ ಮುನಿರಾಮಯ್ಯ ಸಿಕ್ಕ. ಅವನೂ ಬೆಸ್ತರವನೇ, ಅಲ್ಲಿನ ಮೀನುಗಾರರ ತೆಪ್ಪಗಳನ್ನು ರಿಪೇರಿ ಮಾಡುವವನು. ಇವರ ಊರ ಹೆಸರು ಕೇಳಿದ್ದೇ ತಡ, ಸಂಬಂಧ ಹುಡುಕಿದ, ಚಲುವಯ್ಯನನ್ನು ಭಾವ ಎಂದ, ಅಂಕಮ್ಮನನ್ನು ತಂಗಿ ಎಂದ. ಮನೆಗೆ ಕರೆದೊಯ್ದು ಮುದ್ದೆ, ಮೀನುಸಾರು ಬಡಿಸಿದ. ಸಾಬರು ಹೇಳಿದ್ದನ್ನು ಚಲುವಯ್ಯ ಹೇಳಿದಾಗ ನಕ್ಕು, ಲಾರಿ ಬಟ್ಟೆ ಹೊಲಿಯೋನಿಗೆ ನೀರಿನ ಕಸುಬು ಹೇಗೆ ಗೊತ್ತಾಗಬೇಕು ಎಂದ. ನೀವು ದಣಿದಿದ್ದೀರಿ, ಮಲಗಿ, ನಾನು ನೋಡಿಕೊಳ್ಳುತ್ತೇನೆ ಎಂದು ತೆಪ್ಪವನ್ನು ಹಿತ್ತಲಿಗೆ ಉರುಳಿಸಿಕೊಂಡು ಹೋದ. ಎರಡು ದಿನ ಬಿಟ್ಟು ಅದನ್ನು ತಂದುಕೊಟ್ಟಾಗ ಹೊಸ ಗೋಣಿಯ ಮೇಲೆ ಟಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಕೂಲಿ ಬೇಡವೇ ಬೇಡ ಎಂದ. ಚಲುವಯ್ಯ ಅವನ ಎರಡೂ ಕೈ ಹಿಡಿದುಕೊಂಡು, ಪರಸ್ಥಳದಲ್ಲಿ ನಮ್ಮವರು ಅಂತ ಒಬ್ಬರು ಸಿಕ್ಕರಲ್ಲ ಎಂದು ಕಣ್ಣು ಒರೆಸಿಕೊಂಡ.

ಮೊದಲ ದಿನ ಒಳಗೆ ಸ್ವಲ್ಪ ನೀರು ಜಿನುಗಿತು. ಹೊಸ ಟಾರು ಬಿಗಿಯಬೇಕು, ಆಮೇಲೆ ನಿಲ್ಲುತ್ತದೆ ಎಂದು ಮುನಿರಾಮಯ್ಯ ಹೇಳಿದ. ಮರುದಿನ ಬೆಳಿಗ್ಗೆ, ನೀರಿನ ನಡುವೆ, ಚಲುವಯ್ಯ ಎದ್ದು ನಿಂತು ಮೀನು ತುಂಬಿದ ಬಲೆ ಎಳೆಯುವಾಗ ಅವನ ಕಾಲ ಕೆಳಗೆ ತಳ ಬಿಟ್ಟುಕೊಂಡಿತು. ಅವನು ನಿಂತಂತೆಯೇ ಇಳಿದುಹೋದ. ಅವನಷ್ಟು ಚೆನ್ನಾಗಿ ಈಜುವವರು ಆ ಕಡೆ ಇರಲಿಲ್ಲ, ಆದರೆ ಬಲೆ ಕಾಲಿಗೆ ಸುತ್ತಿಕೊಂಡಿತ್ತು. ಅಂಕಮ್ಮ ತೆಪ್ಪದ ಅಂಚಿಗೆ ಸುತ್ತಿದ ಬಿದಿರಿನ ಬಳೆಯನ್ನು ತಬ್ಬಿಕೊಂಡು ಕೂಗಿದಳು. ದಡದಲ್ಲಿ ಐದಾರು ಜನ ನಿಂತಿದ್ದುದು ಅವಳಿಗೆ ಕಾಣುತ್ತಿತ್ತು. ಅವರು ಬಂದರು, ಆದರೆ ಅವಸರವಿಲ್ಲದೆ ಬಂದರು.

ಹೆಣ ಸಂಜೆಗೆ ಬಲೆಯೊಳಗೇ ಸಿಕ್ಕಿತು. ದಡಕ್ಕೆ ಎಳೆದು ಹಾಕಿದವರು ಮೊದಲು ಬಲೆಯಿಂದ ಮೀನು ಬಿಡಿಸಿಕೊಂಡರು. ದೊಡ್ಡದು ಒಂದು ಬುಟ್ಟಿಗೆ, ಚಿಕ್ಕದು ಒಂದು ಬುಟ್ಟಿಗೆ ಹಾಕಿದರು. ಅದಾದ ಮೇಲೆ ಚಲುವಯ್ಯನ ಕಾಲು ಬಿಡಿಸಿದರು. ಅಂಕಮ್ಮ ಅಷ್ಟು ಹೊತ್ತೂ ಪಕ್ಕದಲ್ಲಿ ಕೂತು ನೋಡಿದಳು.

ಪೊಲೀಸರು ಬಂದಾಗ ಎಲ್ಲರಿಗಿಂತ ಹೆಚ್ಚು ಅತ್ತವನು ಮುನಿರಾಮಯ್ಯ. ಭಾವ ಕುಡಿದಿದ್ದ, ನೀರಿಗೆ ಇಳಿಯಬೇಡ ಎಂದರೂ ಕೇಳಲಿಲ್ಲ ಎಂದು ಹೇಳಿಕೆ ಕೊಟ್ಟ. ಮಣ್ಣು ಮಾಡುವ ಖರ್ಚನ್ನೂ ತಾನೇ ಹೊತ್ತ. ಅಂಥ ಮನುಷ್ಯ ಸಿಗುವುದಿಲ್ಲ ಎಂದು ದಂಡೆಯ ಜನ ಮಾತಾಡಿಕೊಂಡರು. ಅಂಕಮ್ಮ ಒಡೆದ ತೆಪ್ಪದ ಹತ್ತಿರ ಹೋಗಿ ಗೋಣಿಯನ್ನು ಕಿತ್ತಳು. ಹೊಸ ದಬ್ಬೆ ಒಂದೂ ಇರಲಿಲ್ಲ. ಕೊಳೆತವನ್ನೇ ತೆಂಗಿನ ನಾರಿನಲ್ಲಿ ಕಟ್ಟಿ, ಸಂದುಗಳಿಗೆ ಕೆರೆಮಣ್ಣು ಮೆತ್ತಿ, ಮೇಲೆ ಟಾರು ಬಳಿಯಲಾಗಿತ್ತು. ಅವಳು ಆ ಮಣ್ಣನ್ನು ಅಂಗೈಯಲ್ಲಿ ಹಿಡಿದು ಎಲ್ಲರ ಮುಂದೆ ಅವನಿಗೆ ತೋರಿಸಿದಳು.

"ದುಃಖದಾಗೆ ಏನೇನೋ ಮಾತಾಡ್ತಾವ್ಳೆ, ಪಾಪ. ಊರ್ಗೆ ಕಳ್ಸಿ" ಎಂದ ಮುನಿರಾಮಯ್ಯ, ಹತ್ತಿರ ನಿಂತ ಹೆಂಗಸರಿಗೆ.

ಹೆಂಗಸರು ಅವಳ ಕೈ ತೊಳೆಸಿ, ಬಸ್ಸಿಗೆ ಹತ್ತಿಸಿದರು. ಬಲೆಯನ್ನು ಯಾರೂ ತಂದುಕೊಡಲಿಲ್ಲ.

ಅವಳು ಊರಿಗೆ ಹೋಗಲಿಲ್ಲ. ಚನ್ನಪಟ್ಟಣದಲ್ಲಿ ಇಳಿದು ಗಫಾರ್ ಸಾಬರ ಗುಡಿಸಲ ಮುಂದೆ ಹೋಗಿ ಕೂತಳು. ಅವರು ಸುದ್ದಿ ಕೇಳಿದ್ದರು. ಅವಳು ಒಂದೇ ಮಾತು ಕೇಳಿದಳು, ಅಷ್ಟು ಗೊತ್ತಿದ್ದವರು ಗದರಿಸಿಯಾದರೂ ನಮ್ಮನ್ನು ತಡೆಯಬಾರದಿತ್ತೇ ಎಂದು.

"ನಾನು ಹೇಳ್ದೆ ಕಣಮ್ಮ. ನಿಮ್ಗೆ ನನ್ ಮಾತು ಕಹಿಯಾಯ್ತು" ಎಂದರು ಅವರು. ಸಮಾಧಾನ ಹೇಳಲಿಲ್ಲ. ಅವರ ಹೆಂಡತಿ ಗುಲ್ಜಾರ್ ಬೀ ಒಳಗಿನಿಂದ ಬಂದು ಒಂದು ಲೋಟ ಟೀ ಇಟ್ಟು, ದಬ್ಬಳ ಮತ್ತು ದಾರ ಅವಳ ಮುಂದೆ ಹಾಕಿದಳು. ಆ ಮಳೆಗಾಲ ಪೂರ್ತಿ ಅಂಕಮ್ಮ ಅವರ ಹತ್ತಿರ ಟಾರ್ಪಾಲು ಹೊಲಿದಳು. ಅಲ್ಲಿಗೆ ಬಂದ ಲಾರಿ ಕ್ಲೀನರ್ ಒಬ್ಬನಿಂದಲೇ ಅವಳಿಗೆ ಉಳಿದದ್ದೂ ತಿಳಿಯಿತು. ಹೊರಗಿನಿಂದ ಮೀನಿಗೆ ಬರುವವರು ದಂಡೆಯವರಿಗೆ ಬೇಡವಾಗಿದ್ದರು. ಮುನಿರಾಮಯ್ಯ ಹೆಂಡದಂಗಡಿಯಲ್ಲಿ ಕೂತು, "ಒಸಿ ನೀರು ಒಳಿಕ್ಕೆ ಬಂದ್ರೆ ಹೆದ್ರಿ ಓಯ್ತಾರೆ ಅಂದ್ಕಂಡಿದ್ದೆ, ಸತ್ತೋಯ್ತಾನೆ ಅಂತ ಯಾರ್ಗೆ ಗೊತ್ತಿತ್ತು" ಎಂದಿದ್ದನಂತೆ. ಸುತ್ತ ಇದ್ದವರು ಅವನ ಮೇಲೆ ಕನಿಕರಪಟ್ಟರಂತೆ.

ಊರಿಗೆ ಮರಳಿದ ಮೇಲೆ ಅಂಕಮ್ಮ ಗಂಡನ ಸೋದರಮಾವನಿಂದ ಬಿದಿರು ಸೀಳುವುದು, ಹೆಣೆಯುವುದು ಕಲಿತಳು. ಕೆಲವು ವರ್ಷಗಳಲ್ಲಿ ಆ ಹೊಳೆಯುದ್ದಕ್ಕೂ ಅವಳು ಕಟ್ಟಿದ ತೆಪ್ಪಕ್ಕೆ ಎದುರಿಲ್ಲ ಎಂದಾಯಿತು. ಆದರೆ ರಿಪೇರಿಗೆ ಅವಳ ಬಳಿ ಹೋಗಲು ಜನ ಹೆದರುತ್ತಿದ್ದರು. ತಂದ ತೆಪ್ಪವನ್ನು ಬೋರಲು ಹಾಕಿ ಬೆರಳಿನಿಂದ ಒತ್ತುತ್ತ ಸುತ್ತ ಬರುವಳು. ದಬ್ಬೆ ಎಲ್ಲಾದರೂ ಮೆತ್ತಗೆ ಸಿಕ್ಕಿದರೆ ಮಚ್ಚು ತಂದು ತಳವನ್ನು ಅಡ್ಡಡ್ಡ ಸೀಳಿಹಾಕುವಳು. ಕೇಳುವುದಿಲ್ಲ, ಹೇಳುವುದಿಲ್ಲ. ಬಾಯಲ್ಲಿ ಹೇಳಿದರೆ ಕೇಳದೆ ಇನ್ನೊಬ್ಬನ ಹತ್ತಿರ ಹೋಗುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅವಳನ್ನು ಕಟುಕಿ ಎಂದು ಕರೆದವರೂ ಉಂಟು.

ಒಮ್ಮೆ ಕೊಳ್ಳೇಗಾಲದ ಕಡೆಯ ಗಂಗಯ್ಯ ಎಂಬವನು ಹೆಂಡತಿ ಚಿಕ್ಕಲಕ್ಷ್ಮಮ್ಮನೊಂದಿಗೆ ಬಂದ. ಮೀನಿನ ಬೆನ್ನು ಹತ್ತಿ ದೂರ ಬಂದುಬಿಟ್ಟಿದ್ದರು, ತೆಪ್ಪ ಸೋರುತ್ತಿತ್ತು. ಈ ಹೊಳೆಯಲ್ಲಿ ನಂಬುವುದಾದರೆ ಅಂಕಮ್ಮನನ್ನು ನಂಬಿ ಎಂದು ಯಾರೋ ಕಳಿಸಿದ್ದರು. ಅವಳು ಒತ್ತಿ ನೋಡಿದಳು, ಒಳಗೆ ಹೋದಳು, ಮಚ್ಚಿನೊಂದಿಗೆ ಬಂದಳು. ಚಿಕ್ಕಲಕ್ಷ್ಮಮ್ಮ ತೆಪ್ಪದ ಮೇಲೆ ಬಿದ್ದು ತಬ್ಬಿಕೊಂಡಳು. ನಮಗೆ ಇರುವುದು ಇದೊಂದೇ, ಊರು ಸೇರುವ ತನಕ ತೇಲಿದರೆ ಸಾಕು, ಒಂದು ತೇಪೆ ಹಾಕಿಕೊಡು ಎಂದು ಬೇಡಿದಳು. ಅಂಕಮ್ಮ ಅವಳನ್ನು ತೋಳು ಹಿಡಿದು ಪಕ್ಕಕ್ಕೆ ಎಳೆದು, ಸೀಳಿದಳು.

"ಒಂದು ತಿಂಗ್ಳು ಇರಿ, ಹೊಸದು ಕಟ್ಕೊಡ್ತೀನಿ. ಮುದ್ದೆ ನಾನು ಹಾಕ್ತೀನಿ" ಎಂದಳು.

ಅವರು ನಿಲ್ಲಲಿಲ್ಲ. ಗಂಗಯ್ಯ ಅವಳ ಅಂಗಳದಲ್ಲಿ ಉಗಿದು ಹೊರಟ. ತೆಪ್ಪವಿಲ್ಲದ ಬೆಸ್ತನಿಗೆ ಆ ಸೀಮೆಯಲ್ಲಿ ಕಲ್ಲು ಕ್ವಾರಿಯಲ್ಲದೆ ಬೇರೆ ಕೆಲಸ ಸಿಗಲಿಲ್ಲ. ಕನಕಪುರದ ರಸ್ತೆಯ ಕಡೆ ಕಲ್ಲು ಒಡೆಯಲು ಸೇರಿದ. ವರ್ಷ ತುಂಬುವ ಮುಂಚೆ ದಿಮ್ಮಿಕಲ್ಲು ಉರುಳಿ ಅವನ ಎರಡೂ ಕಾಲು ಜಜ್ಜಿಹೋದವು.

ಸುದ್ದಿ ಅಂಕಮ್ಮನಿಗೂ ಬಂತು. ಹೊಸ ಬಿದಿರು ತರಿಸಿ ಒಂದು ತೆಪ್ಪ ಹೆಣೆದಳು. ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಕ್ವಾರಿಯವರ ಗುಡಿಸಲುಗಳ ಕಡೆ ಹೋದಳು. ಗಂಗಯ್ಯ ಚಾಪೆಯ ಮೇಲೆ ಮಲಗಿದ್ದ, ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಚಿಕ್ಕಲಕ್ಷ್ಮಮ್ಮ ಹೊಸ ತೆಪ್ಪದ ತಳವನ್ನು ಬೆರಳಿನಿಂದ ಒತ್ತಿ ನೋಡಿದಳು.

"ಆ ಹಳೇದ್ರಲ್ಲಿ ಓಗಿದ್ರೆ ಮುಳುಗೋಯ್ತಿದ್ವೋ ಇಲ್ವೋ, ಅದು ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ" ಎಂದಳು. "ಕಾಲಂತೂ ಇರ್ತಿದ್ವು."

ಅಂಕಮ್ಮ ಹೌದು ಎಂದಳು. ಆದರೂ ಸೀಳದೆ ಬಿಡುತ್ತಿರಲಿಲ್ಲ ಎಂದೂ ಹೇಳಿದಳು. ಹಾಗೆ ಹೇಳಲು ಅಷ್ಟು ದೂರ ಯಾಕೆ ಬಂದೆ ಎಂದು ಚಿಕ್ಕಲಕ್ಷ್ಮಮ್ಮ ಕೇಳಿದಳು. ಅಂಕಮ್ಮ ಕುಡಿಯಲು ನೀರು ಕೇಳಿದಳು. ಚಿಕ್ಕಲಕ್ಷ್ಮಮ್ಮ ಕೊಡಲಿಲ್ಲ. ತೆಪ್ಪವನ್ನು ಅಲ್ಲೇ ಬಿಟ್ಟು ಅಂಕಮ್ಮ ಬಸ್ಸಿಗೆ ನಡೆದಳು.

ಹೊಳೆ ಇಲ್ಲದ ಆ ಬಯಲಲ್ಲಿ ಅವರು ತೆಪ್ಪವನ್ನು ನಾಲ್ಕು ಕಲ್ಲುಗಳ ಮೇಲೆ ಬೋರಲು ಹಾಕಿ, ಅದರಡಿ ಮೇಕೆಮರಿಗಳನ್ನು ಕಟ್ಟಿಕೊಂಡರು.