ಮೊದಲ ನೀರು ಗಿಡಕ್ಕೆ

ಬೆಳಗಿನ ಐದು ಗಂಟೆ. ಹಿತ್ತಲಿನಲ್ಲಿ ಇನ್ನೂ ಮಬ್ಬು. ಎಲ್ಲಿ ಗೋಡೆ ಮುಗಿದು ಎಲ್ಲಿ ಮಂಜು ಶುರುವಾಗುತ್ತದೆ ಎಂದು ಹೇಳುವ ಹಾಗಿಲ್ಲ. ಆ ಮಬ್ಬಿನಲ್ಲಿ ಅಂಗೈಯಗಲದ ಒಂದು ಬಿಳಿ ಬಟ್ಟೆ ಬೋಗುಣಿಯ ತಣ್ಣೀರಿಗೆ ಇಳಿಯುತ್ತದೆ. ಅದರ ನಡುವೆ ಕೆಂಪು ದಾರದ ಪುಟ್ಟ ಶಿಲುಬೆ, ಪಕ್ಕದಲ್ಲಿ ನಿನ್ನೆಯ ದ್ರಾಕ್ಷಾರಸದ ಕಲೆ. ನೀರು ತಾಗುತ್ತಲೇ ಕಲೆ ಅಂಚು ಬಿಟ್ಟು, ತಿಳಿ ಗುಲಾಬಿಯಾಗಿ, ಬೋಗುಣಿಯ ತುಂಬ ಮೆಲ್ಲಗೆ ಹರಡಿಕೊಳ್ಳುತ್ತದೆ. ಬಿಳಿಯಕ್ಕ ಮೊಣಕಾಲಿನ ಮೇಲೆ ಗದ್ದವಿಟ್ಟು ಅದನ್ನೇ ನೋಡುತ್ತಾರೆ. ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದಾರೆ, ಬೇಸರವಿಲ್ಲ.

"ಅವಸರ ಮಾಡ್ಬಾರ್ದು ನೋಡಿ," ಎನ್ನುತ್ತಾರೆ. "ಉಜ್ಜಿದ್ರೆ ಕಲೆ ಒಳಗೆ ಹೋಗಿ ಕೂತ್ಕೊಳ್ಳತ್ತೆ. ಬಿಸಿನೀರು ಹಾಕಿದ್ರಂತೂ ಮುಗೀತು ಕಥೆ, ಜನ್ಮದಲ್ಲಿ ಬಿಡಲ್ಲ. ತಣ್ಣೀರಲ್ಲಿ ಹಾಕಿ ಸುಮ್ನೆ ಕೂತಿರ್ಬೇಕು. ಅದಕ್ಕೆ ಯಾವಾಗ ಬೇಕೋ ಆವಾಗ ಬಿಡತ್ತೆ."

ಬಿಟ್ಟ ಮೇಲೆ ಅವರು ಎದ್ದು, ಸೊಂಟಕ್ಕೆ ಕೈಕೊಟ್ಟು ಒಂದು ಸಲ "ಯೇಸಪ್ಪಾ" ಎಂದು (ಅದು ಪ್ರಾರ್ಥನೆಯೋ ಬೆನ್ನುನೋವೋ ಅವರಿಗೇ ಗೊತ್ತಿಲ್ಲ) ಬೋಗುಣಿ ಎತ್ತಿಕೊಂಡು ಮೂಲೆಯ ದಾಳಿಂಬೆ ಗಿಡದ ಬುಡಕ್ಕೆ ಸುರಿಯುತ್ತಾರೆ. ಒಂದು ಹನಿಯೂ ಮೋರಿಗೆ ಹೋಗಬಾರದು. ಇದು ಅವರ ಕೆಲಸದ ಮೊದಲ ನಿಯಮ. ಚರ್ಚಿನ ಬಲಿಪೀಠದ ಮೇಲೆ ಪ್ರಭುವಿನ ರಕ್ತವೆಂದು ಎತ್ತಿ ತೋರಿಸಿದ ದ್ರಾಕ್ಷಾರಸ ಈ ಬಟ್ಟೆಯನ್ನು ಮುಟ್ಟಿರುತ್ತದೆ. ಆದ್ದರಿಂದ ಬಟ್ಟೆಯಿಂದ ಇಳಿದ ಮೊದಲ ನೀರು ಮಣ್ಣಿಗೇ ಸೇರಬೇಕು. ಎರಡನೆಯ ನೀರು, ಸೋಪಿನ ನೀರು, ಎಲ್ಲಿಗಾದರೂ ಹೋಗಲಿ.

"ಇಷ್ಟು ವರ್ಷ ಇಂಥ ನೀರು ಕುಡಿದಿದೆ ಈ ಗಿಡ. ಹಣ್ಣು ಮಾತ್ರ ಹುಳಿಯೋ ಹುಳಿ!" ಎಂದು ಬಿಳಿಯಕ್ಕ ನಗುತ್ತಾರೆ. "ಗಿಡಕ್ಕೇ ಹೀಗಾದ್ರೆ ನಮ್ಮಂಥೋರ ಗತಿ ಏನು, ಹೇಳಿ?"

ಬಿಳಿಯಕ್ಕ ಎಂಬುದು ಬೀದಿಯ ಮಕ್ಕಳಿಟ್ಟ ಹೆಸರು. ಹಿತ್ತಲಿನ ಎರಡು ಹಗ್ಗಗಳ ಮೇಲೆ ಸದಾ ಬಿಳಿ ಬಟ್ಟೆಗಳೇ ಆಡುತ್ತಿರುವುದನ್ನು ನೋಡಿ ಇಟ್ಟದ್ದು. ವಯಸ್ಸು ಐವತ್ತೆಂಟು. ವಾರದ ದಿನಗಳಲ್ಲಿ ಏಳು ಬಟ್ಟೆ, ಭಾನುವಾರದ ಪೂಜೆಯಾದ ಮೇಲೆ ಇಪ್ಪತ್ತೆರಡು. ತಿಂಗಳಿಗೊಮ್ಮೆ ಬಲಿಪೀಠದ ಉದ್ದನೆಯ ಹಾಸು. ಅದನ್ನು ಇಸ್ತ್ರಿ ಮಾಡುವ ದಿನ ಮನೆಯ ಮೇಜು, ಕುರ್ಚಿ, ಸಾಲದ್ದಕ್ಕೆ ಗಂಡನ ಮಂಚದ ಅರ್ಧ ಭಾಗವೂ ಬೇಕು. ದ್ರಾಕ್ಷಾರಸದ ಪಾನಪಾತ್ರೆ ಒರೆಸುವ ಬಟ್ಟೆಗೆ ಗಂಜಿ ಹಾಕುವಂತಿಲ್ಲ, ಉದ್ದಕ್ಕೆ ಮೂರು ಮಡಿಕೆ. ಪಾತ್ರೆಯ ಕೆಳಗೆ ಹಾಸುವ ಚೌಕಕ್ಕೆ ಗಂಜಿ ಬೇಕೇ ಬೇಕು, ಅದನ್ನು ಮಡಿಚಿ ಬಿಡಿಸಿದರೆ ಒಂಬತ್ತು ಮನೆ ಮೂಡಬೇಕು. ಮೇಣ ಬಿದ್ದರೆ ಚಮಚದಿಂದ ಕೆರೆದು, ಕಾಗದವಿಟ್ಟು, ಮೇಲೆ ಇಸ್ತ್ರಿಪೆಟ್ಟಿಗೆ ಎಳೆಯಬೇಕು. ಮೇಣ ಕರಗಿ ಕಾಗದಕ್ಕೆ ಹತ್ತಿಕೊಳ್ಳುತ್ತದೆ.

"ಲಿಪ್‌ಸ್ಟಿಕ್ ಒಂದಿದೆಯಲ್ಲ, ಅದು ದೊಡ್ಡ ಶತ್ರು," ಎನ್ನುತ್ತಾರೆ ದನಿ ತಗ್ಗಿಸಿ. "ಯಾರು ಪಾತ್ರೆಗೆ ತುಟಿ ಇಟ್ರು ಅಂತ ಬಣ್ಣ ನೋಡಿದ್ರೇ ಗೊತ್ತಾಗತ್ತೆ ನಂಗೆ. ಯಾರಿಗೂ ಹೇಳಲ್ಲ ಅನ್ನಿ."

ದಿನವೂ ಸಂಜೆ ಬಟ್ಟೆಯ ಚೀಲ ತಂದುಕೊಡುವವನು ಚರ್ಚಿನ ಗಂಟೆ ಹೊಡೆಯುವ ಮುದುಕ, ಊರಿಗೆಲ್ಲ ಗಂಟೆಯಜ್ಜ. ಬಂದವನು ಸುಮ್ಮನೆ ಹೋಗುವುದಿಲ್ಲ. "ಏನಮ್ಮಾ, ನಿನ್ನ ಗಿಡ ಇನ್ನೂ ದೀಕ್ಷಾಸ್ನಾನ ತಗೊಂಡಿಲ್ವಾ?" ಎಂದು ಕೇಳಿ, ಒಂದು ಹುಳಿ ದಾಳಿಂಬೆ ಕಿತ್ತು ಜೇಬಿಗೆ ಹಾಕಿಕೊಂಡೇ ಹೊರಡುವುದು.

ಇಷ್ಟನ್ನು ನೋಡಿದರೆ, ಶಾಂತವಾದ ಮನೆ, ತೊಳೆದಿಟ್ಟ ಬದುಕು ಅನ್ನಿಸುತ್ತದೆ. ಒಳಗಿನ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಕಿಟಕಿಯ ಪಕ್ಕದ ಮಂಚದಲ್ಲಿ ಬಿಳಿಯಕ್ಕನ ಯಜಮಾನರು. ಕಟ್ಟಡಗಳಿಗೆ ಬಣ್ಣ ಬಳಿಯುವುದರಲ್ಲಿ ಹೆಸರು ಮಾಡಿದವರು. ಏಳು ವರ್ಷದ ಹಿಂದೆ ಸಾರವೆಯ ಹಲಗೆ ಜಾರಿ ಬಿದ್ದರು. ಅಂದಿನಿಂದ ಸೊಂಟದ ಕೆಳಗೆ ಜೀವವಿಲ್ಲ. ಬಿದ್ದದ್ದು ಎಲ್ಲಿಂದ ಅಂತೀರಿ? ಚರ್ಚಿನ ಗಂಟೆಗೋಪುರದಿಂದ.

"ಬೇರೆ ಎಲ್ಲಿಂದಾದ್ರೂ ಬಿದ್ದಿದ್ರೆ ಹಣೆಬರಹ ಅಂತ ಸುಮ್ನಾಗ್ತಿದ್ದೆ," ಎನ್ನುತ್ತಾರೆ ಬಿಳಿಯಕ್ಕ. ದನಿಯಲ್ಲಿ ಹಳೆಯ ಸಿಟ್ಟು ಇನ್ನೂ ಬೆಚ್ಚಗಿದೆ. "ಆತನ ಮನೆಗೆ ಬಣ್ಣ ಬಳೀತಾ ಇದ್ರು. ಕೂಲೀನೂ ಬೇಡ ಅಂದಿದ್ರು. ಒಂದು ಹಲಗೆ ಹಿಡ್ಕೊಳ್ಳೋಕೆ ಆಗ್ಲಿಲ್ವಾ ಆತನಿಗೆ?"

ಆದರೂ ಮೊದಲ ವರ್ಷ ಅವರು ಪಟ್ಟುಬಿಡದೆ ಬೇಡಿಕೊಂಡರು. ಜಪಮಾಲೆಯ ಮಣಿಗಳು ಸವೆದವು. ವೈದ್ಯರು ಕೈಚೆಲ್ಲಿದ ಮೇಲೆ, ಒಂದು ಬೆಳಗ್ಗೆ ಬೋಗುಣಿಯ ಗುಲಾಬಿ ನೀರನ್ನು ನೋಡುತ್ತ ಕುಳಿತಿದ್ದಾಗ ಅವರಿಗೊಂದು ಯೋಚನೆ ಹೊಳೆಯಿತು. ಇದನ್ನು ಮಣ್ಣಿಗೆ ಏಕೆ ಸುರಿಯಬೇಕು? ಮಣ್ಣಿಗೇನು ಕಾಲು ಬರಬೇಕಾಗಿದೆಯೇ, ಮಣ್ಣೇನು ಎದ್ದು ನಡೆಯಬೇಕಾಗಿದೆಯೇ? ಆವತ್ತು ನೀರು ಗಿಡದ ಕಡೆ ಹೋಗಲಿಲ್ಲ. ಒಳಗಿನ ಕೋಣೆಗೆ ಹೋಯಿತು. ಯಜಮಾನರು ನಿದ್ದೆಯಲ್ಲಿದ್ದರು. ಹೊದಿಕೆ ಸರಿಸಿ, ಆ ನೀರಿನಿಂದ ಅವರ ಎರಡೂ ಪಾದಗಳನ್ನು ತೊಳೆದರು.

ಇದು ನಿಯಮ ಮೀರಿದ ಕೆಲಸವೆಂದು ಅವರಿಗೆ ಗೊತ್ತಿತ್ತು. ಕದ್ದ ಹಾಗೆಯೇ. ನಲವತ್ತು ದಿನ ಎಂದು ಮನಸ್ಸಿನಲ್ಲೇ ಗಡುವು ಹಾಕಿಕೊಂಡರು. ನಲವತ್ತು ಬೆಳಗ್ಗೆ, ಬೆಳಕು ಹರಿಯುವ ಮುಂಚೆ, ಮಲಗಿದ ಗಂಡನ ಕಾಲ ಬಳಿ ಕುಳಿತು ಬೆರಳು ಬೆರಳಿನ ಸಂದಿಯನ್ನೂ ತೊಳೆದು ಒರೆಸಿದರು. ಕಿಟಕಿಯಲ್ಲಿ ಮಂಜು ನಿಂತಿರುತ್ತಿತ್ತು, ಕೋಣೆಯಲ್ಲಿ ದ್ರಾಕ್ಷಾರಸದ ಸಣ್ಣ ಪರಿಮಳ. ಆ ದಿನಗಳು ಈಗ ಕನಸಿನಲ್ಲಿ ಕಂಡ ಹಾಗೆ ನೆನಪಾಗುತ್ತವೆ ಎನ್ನುತ್ತಾರೆ. ಒಂದೊಂದು ಸಲ ಹೆಬ್ಬೆರಳು ಅಲುಗಿದಂತೆ ಕಂಡು ಉಸಿರು ಬಿಗಿಹಿಡಿದು ಕೂತದ್ದುಂಟು. ಅಲುಗಿದ್ದು ದೀಪದ ನೆರಳು.

ನಲವತ್ತೊಂದನೆಯ ದಿನ ಬಿಳಿಯಕ್ಕ ಬೋಗುಣಿಯನ್ನು ನೇರವಾಗಿ ಮೋರಿಗೆ ಬಗ್ಗಿಸಿದರು. ಸೊಂಟದ ಮೇಲೆ ಕೈಯಿಟ್ಟು ನಿಂತು ಆಕಾಶ ನೋಡಿದರು. ಸಿಡಿಲು ಹೊಡೆಯಲಿಲ್ಲ, ಗಂಟೆ ತಾನಾಗಿ ಮೊಳಗಲಿಲ್ಲ. ನೀರು ಗುಳುಗುಳು ಎಂದು ಹೋಯಿತು, ಅಷ್ಟೆ. "ಅಯ್ಯೋ, ಇಷ್ಟೇನಾ ಅನ್ನಿಸ್ತು," ಎನ್ನುತ್ತಾರೆ. "ಅಲ್ಲಿಗೆ ಎದೆಯೊಳಗೆ ಏನೋ ಆರಿಹೋಯ್ತು. ಪ್ರಾರ್ಥನೆ ಬಿಟ್ಟೆ. ಪೂಜೆಗೆ ಹೋದ್ರೂ ಬಾಯಿ ಆಡ್ತಿತ್ತು, ನಾನು ಇರ್ತಿರ್ಲಿಲ್ಲ."

ಒಗೆಯುವುದನ್ನೇ ಬಿಡಬಹುದಿತ್ತಲ್ಲ? "ಕಲೆ ಕಂಡ್ರೆ ಕೈ ಸುಮ್ನಿರಲ್ವೇ ನಂದು! ದೇವರ ಮೇಲಿನ ಸಿಟ್ಟನ್ನ ಬಟ್ಟೆ ಮೇಲೆ ತೀರಿಸ್ಕೊಳ್ಳೋಕಾಗತ್ತಾ?"

ಹೀಗೆ ಒಂದು ವರ್ಷ ಮೊದಲ ನೀರೆಲ್ಲ ಮೋರಿಯ ಪಾಲಾಯಿತು. ಆ ಬೇಸಿಗೆಯಲ್ಲಿ ಒಂದು ಬೆಳಗ್ಗೆ ನೋಡಿದರೆ ದಾಳಿಂಬೆ ಗಿಡದ ಎಲೆಗಳು ಮುದುರಿಕೊಂಡು ಉದುರುತ್ತಿವೆ. ಬುಡ ಬಿರುಕು ಬಿಟ್ಟಿದೆ. ಬಿಳಿಯಕ್ಕ ಗಿಡದ ಮುಂದೆ ಕುಕ್ಕರಿಸಿದರು. ತನ್ನ ಜಗಳ ಇರುವುದು ಯಾರ ಜೊತೆ, ಶಿಕ್ಷೆ ಯಾರಿಗೆ? ಕೈಯಲ್ಲಿದ್ದ ಬೋಗುಣಿಯನ್ನು ಹಾಗೇ ಬುಡಕ್ಕೆ ಸುರಿದರು. ಮರುದಿನವೂ ಸುರಿದರು. "ಭಕ್ತಿಯಿಂದ ಅಂದ್ಕೋಬೇಡಿ. ಪಾಪ, ಅದಕ್ಕೆ ಬಾಯಾರಿತ್ತು," ಎನ್ನುತ್ತಾರೆ. ಗಿಡ ಚಿಗುರಿತು. ಅವರೊಳಗಿನದು ಚಿಗುರಿತೋ ಇಲ್ಲವೋ ಎಂದು ಅವರು ನೋಡಲು ಹೋಗಲಿಲ್ಲ.

ಈ ಗುಟ್ಟು ಹೀಗೇ ಮಣ್ಣಾಗುತ್ತಿತ್ತೋ ಏನೋ. ಆದರೆ ಹೋದ ತಿಂಗಳು ಚರ್ಚಿನ ಬಾಗಿಲಿಗೆ ಒಂದು ಪಟ್ಟಿ ಅಂಟಿತು. ಚರ್ಚು ಕಟ್ಟಿ ನೂರು ವರ್ಷವಾದ ಸಂದರ್ಭಕ್ಕೆ ಸನ್ಮಾನ ಮಾಡಬೇಕಾದವರ ಪಟ್ಟಿ. ಅದರಲ್ಲಿ ಬಿಳಿಯಕ್ಕನ ಹೆಸರು, ಹೆಸರಿನ ಮುಂದೆ ದಪ್ಪಕ್ಷರದಲ್ಲಿ 'ಅಚಲ ವಿಶ್ವಾಸಕ್ಕಾಗಿ' ಎಂಬ ಎರಡು ಪದ. ಓದಿದ ಕೂಡಲೇ ಅವರ ಮುಖ ಬಟ್ಟೆಗಿಂತ ಬಿಳಿಯಾಯಿತೆಂದು ಪಕ್ಕದಲ್ಲೇ ನಿಂತಿದ್ದ ಗಂಟೆಯಜ್ಜ ಹೇಳುತ್ತಾನೆ. ಮೂರು ದಿನ ಅವರಿಗೆ ಅನ್ನ ಸೇರಲಿಲ್ಲ. ಎಲ್ಲರೆದುರು ಎದ್ದು ನಿಂತು ಆ ಎರಡು ಪದಗಳನ್ನು ತಲೆಬಗ್ಗಿಸಿ ಒಪ್ಪಿಕೊಳ್ಳುವುದೆಂದರೆ ಸುಳ್ಳಾಡಿದಂತೆ. ನಿಜ ಹೇಳಿದರೆ ಬಟ್ಟೆ ಒಗೆಯುವ ಕೆಲಸವೇ ಹೋಗಬಹುದು. ನಾಲ್ಕನೆಯ ದಿನ ಚರ್ಚಿನ ಗುರುಗಳ ಮುಂದೆ ಹೋಗಿ ಕುಳಿತರು.

"ನನ್ನ ಹೆಸರು ಹೊಡೆದುಹಾಕಿ ಫಾದರ್," ಎಂದು ಶುರು ಮಾಡಿ, ನಲವತ್ತು ದಿನದ ಕಳ್ಳತನ, ಒಂದು ವರ್ಷದ ಮೋರಿ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. "ಈಗ ಹೇಳಿ, ನಾಳೆಯಿಂದ ಬಟ್ಟೆ ಬೇರೆಯವರಿಗೆ ಕೊಡ್ತೀರಾ?"

ಗುರುಗಳು ಬಿಳಿಯಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಅಕ್ಕಾ, ನಂಗೂ ಕೆಲವು ಬೆಳಗ್ಗೆ ಬಲಿಪೀಠದ ಮುಂದೆ ನಿಂತಾಗ ಒಳಗೆ ಏನೂ ಇರಲ್ಲ," ಎಂದರು. "ಆವಾಗ ನಿಮ್ಮ ಬಟ್ಟೆ ಬಿಡಿಸ್ತೀನಿ. ಸೋಪಿನ ವಾಸನೆ ಬರತ್ತೆ. ಯಾರೋ ನನಗಿಂತ ಮುಂಚೆ ಎದ್ದು ಅವರ ಕೆಲಸ ಮಾಡಿದಾರೆ, ನನ್ನ ಕೆಲಸ ನಾನು ಮಾಡ್ಬೇಕು ಅಂದ್ಕೊಂಡು ಶುರು ಮಾಡ್ತೀನಿ. ಬಟ್ಟೆ ಬೇರೆಯವರಿಗೆ ಯಾಕೆ ಕೊಡ್ಲಿ?" ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದರು: "ಇದನ್ನ ಯಜಮಾನ್ರಿಗೆ ಹೇಳಿದೀರಾ?"

ಹೇಳಿರಲಿಲ್ಲ. ಹೇಳಬೇಕೆಂಬುದೇ ಗುರುಗಳು ವಿಧಿಸಿದ ಪ್ರಾಯಶ್ಚಿತ್ತ. ಇದಕ್ಕಿಂತ ನೂರು ಜಪಮಾಲೆ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಗೊಣಗುತ್ತ ಬಿಳಿಯಕ್ಕ ಮನೆಗೆ ಬಂದರು. ಮಂಚದ ಅಂಚಿನಲ್ಲಿ ಕುಳಿತರು. ಬಾಯಿ ತೆರೆಯುವಷ್ಟರಲ್ಲಿ ಕಣ್ಣೀರು ಬಂತು. ಹೇಗೋ ಹೇಳಿ ಮುಗಿಸಿದರು.

"ಗೊತ್ತು ಕಣೇ," ಎಂದರು ಯಜಮಾನರು.

"ಏನ್ ಗೊತ್ತು? ನೀವು ನಿದ್ದೆ ಮಾಡ್ತಿದ್ರಲ್ರೀ!"

"ನಿದ್ದೆ ಎಲ್ಲಿಂದ ಬರ್ಬೇಕು? ಕಾಲಿಗೆ ಗೊತ್ತಾಗ್ತಿರ್ಲಿಲ್ಲ, ಮೂಗಿಗೆ ವಾಸನೆ ಗೊತ್ತಾಗ್ತಿತ್ತು. ಅರ್ಧ ಕಣ್ಣು ಬಿಟ್ಟು ನೋಡ್ತಿದ್ದೆ. ಎದ್ದಿದೀನಿ ಅಂತ ಗೊತ್ತಾದ್ರೆ ನೀನು ನಾಚ್ಕೊಂಡು ನಿಲ್ಲಿಸ್ಬಿಡ್ತೀಯ ಅಂತ ಸುಮ್ನಿರ್ತಿದ್ದೆ." ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. "ಆಮೇಲೆ ಒಂದಿನ ನೀನು ನಿಲ್ಲಿಸ್ಬಿಟ್ಟೆ. ನನ್ನನ್ನ ನೋಡಿ ನೋಡಿ ಸಾಕಾಯ್ತೇನೋ ನಿಂಗೆ ಅಂದ್ಕೊಂಡೆ. ಆಮೇಲೂ ನೀನು ಕಾಲು ತೊಳೀತಿದ್ದೆ ಅನ್ನು, ಪಾತ್ರೆ ತೊಳೆದ ಹಾಗೆ."

"ಕಾಲು ಬರ್ಲಿಲ್ವಲ್ರೀ," ಎಂದರು ಬಿಳಿಯಕ್ಕ ಬಿಕ್ಕುತ್ತ. "ಅದಕ್ಕೇ ನಿಲ್ಲಿಸ್ದೆ."

"ಕಾಲು ಬರತ್ತೆ ಅಂತ ನಾನೆಲ್ಲಿ ಕಾಯ್ತಿದ್ದೆ? ನೀನು ಬರ್ತೀಯ ಅಂತ ಕಾಯ್ತಿದ್ದೆ."

ದೇವರು ತಮ್ಮನ್ನು ಕೈಬಿಟ್ಟನೆಂದು ಹೆಂಡತಿ, ಹೆಂಡತಿ ತಮ್ಮನ್ನು ಕೈಬಿಟ್ಟಳೆಂದು ಗಂಡ, ಆರು ವರ್ಷ ಒಂದೇ ಸೂರಿನಡಿ ಹಾಗೇ ನಂಬಿಕೊಂಡು ಬಾಳಿದ್ದರು. ಬಿಳಿಯಕ್ಕ ಗಂಡನ ಪಾದದ ಮೇಲೆ ತಲೆಯಿಟ್ಟು ಅತ್ತರು. ಆ ಪಾದಗಳಿಗೆ ಅದು ತಿಳಿಯಲಿಲ್ಲ. ಯಜಮಾನರು ಪ್ರಯಾಸದಿಂದ ಮುಂದಕ್ಕೆ ಬಾಗಿ, ಕೈ ಚಾಚಿ ತಲೆ ಸವರಿದರು.

ಮರುದಿನ ಬಿಳಿಯಕ್ಕ ಗುರುಗಳಿಗೆ ಒಂದು ಷರತ್ತು ಹೇಳಿಕಳಿಸಿದರು. ಹೆಸರು ಇರಲಿ, ಆ ಎರಡು ಪದ ತೆಗೆದು 'ಬಟ್ಟೆ ಒಗೆಯುವವರು' ಎಂದು ಬರೆಯಿರಿ. ಬಾಗಿಲ ಮೇಲಿನ ಪಟ್ಟಿಯಲ್ಲಿ ಈಗ ಹಾಗೇ ಇದೆ. ಗಂಟೆಯಜ್ಜನ ಕೈಬರಹ, ಸ್ವಲ್ಪ ಸೊಟ್ಟ.

ಈಗ ಬೆಳಗಿನ ಕೆಲಸಕ್ಕೆ ಇನ್ನೊಂದು ಸೇರಿದೆ. ಬೆಳಕು ಹರಿಯುತ್ತಿದೆ, ಹಗ್ಗದ ಮೇಲೆ ಏಳು ಬಿಳಿ ಬಟ್ಟೆಗಳು ಮಂಜಿನಲ್ಲಿ ತೇಲಿದಂತೆ ಕಾಣುತ್ತವೆ. ಮೊದಲ ನೀರು ಗಿಡದ ಬುಡಕ್ಕೆ ಹೋಗಿಯಾಗಿದೆ. ಬಿಳಿಯಕ್ಕ ಬೇರೊಂದು ಬೋಗುಣಿಯಲ್ಲಿ ನಲ್ಲಿಯ ನೀರು ತುಂಬಿ, ಬೆಚ್ಚಗೆ ಮಾಡಿ, ಒಳಗಿನ ಕೋಣೆಗೆ ಒಯ್ಯುತ್ತಾರೆ. ಯಜಮಾನರು ಈಗ ಕಣ್ಣು ಪೂರ್ತಿ ತೆರೆದಿರುತ್ತಾರೆ.

"ಇದು ಯಾವ ನೀರೇ?" ಎಂದು ಕೇಳುತ್ತಾರೆ. ದಿನಾ ಕೇಳುತ್ತಾರಂತೆ.

"ನಲ್ಲೀದು ರೀ. ಸುಮ್ನೆ ಮಲಗಿ."

ಪಾದ ತೊಳೆದು, ಮೂರು ಮಡಿಕೆಯ ಬಿಳಿ ಟವಲಿನಿಂದ ಒರೆಸುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ, "ಇವರಿಗಿಂತ ಒಂದು ದಿನ ಜಾಸ್ತಿ ಇರ್ಬೇಕು, ಅಷ್ಟೆ," ಎನ್ನುತ್ತಾರೆ. ಮತ್ತೆ ನಂಬಿಕೆ? ಅದು ವಾಪಸು ಬಂದಿದೆಯೇ?

ಬಿಳಿಯಕ್ಕ ಟವಲು ಹಿಂಡುತ್ತ ಕಿಟಕಿಯಾಚೆಗಿನ ಗಿಡವನ್ನು ನೋಡುತ್ತಾರೆ. "ಕೆಲವು ದಿನ ಇರತ್ತೆ, ಕೆಲವು ದಿನ ಇರಲ್ಲ," ಎನ್ನುತ್ತಾರೆ. "ಇಲ್ಲದ ದಿನಾನೂ ಮೊದಲ ನೀರು ಗಿಡಕ್ಕೇ ಹಾಕ್ತೀನಿ."