ಕೊಳವೆಯ ಗೋಡೆಗೆ ಅಂಟಿದ ನೀರು

ಇವತ್ತು ಬೆಳಿಗ್ಗೆ ಉಪ್ಪಿಟ್ಟಿನ ಬಾಣಲೆಯ ಗಾಜಿನ ಮುಚ್ಚಳ ಎತ್ತಿದೆ. ಒಳಮೈಯಲ್ಲಿ ನೀರಿನ ಹನಿಗಳು ಅಂಟಿಕೊಂಡಿದ್ದವು. ಕೈ ಅಲ್ಲೇ ನಿಂತಿತು. ವಿಜಯನಗರದ ಪಕ್ಕದ ಮನೆ ಆಂಟಿ ನೆನಪಾದರು…

ಎಂಬತ್ತರ ದಶಕ. ನಾನು ಪಿಯುಸಿ ಕೆಮಿಸ್ಟ್ರಿಯಲ್ಲಿ ಫೇಲಾಗಿ ಮರುಪರೀಕ್ಷೆಗೆ ಓದುತ್ತಿದ್ದೆ. ಪಾಸಾಗುವ ತನಕ ಗೇಟು ದಾಟಕೂಡದು ಎಂದು ಅಪ್ಪನ ಅಪ್ಪಣೆ. ನಮ್ಮ ಹಿತ್ತಿಲ ಮೆಟ್ಟಿಲಿಗೆ ಎದುರಾಗಿ ಆಂಟಿಯ ಅಡುಗೆಮನೆ ಕಿಟಕಿ. ಅವರು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದವರು. ಮೆಟ್ಟಿಲ ಮೇಲೆ ನಾನು, ಕಂಬಿಯಾಚೆ ಸೌಟು ಹಿಡಿದ ಅವರು. ಪಾಠ ಹಾಗೇ ನಡೆಯುತ್ತಿತ್ತು. "ಆ ಡಿಗ್ರೀನ ಈ ಹುಳಿಗೆ ಹಾಕಮ್ಮ, ಉಪ್ಪು ಕಮ್ಮಿಯಾಗಿದೆ!" ಎಂದು ಅವರ ಅತ್ತೆ ಒಳಗಿನಿಂದ ಕೂಗುತ್ತಿದ್ದರು.

ರಾಜಾಜಿನಗರದ ಟ್ಯುಟೋರಿಯಲ್ ಒಂದರಿಂದ ಆಂಟಿಗೆ ಕರೆ ಬಂದಿತ್ತು. ಒಂದು ಪಾಠ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಕೆಲಸ. ಹೋಗಬೇಕಿದ್ದ ದಿನ ಮಧ್ಯಾಹ್ನ ಅತ್ತೆ ಹೊರಗಿನಿಂದ ಬೀಗ ಹಾಕಿಕೊಂಡು ಹೊಸಹಳ್ಳಿಯ ಮಗಳ ಮನೆಗೆ ಹೊರಟುಹೋದರು. ಸ್ವಲ್ಪ ಹೊತ್ತಿಗೆ ಆಂಟಿ ಕಿಟಕಿಗೆ ಬಂದರು. ಗಂಜಿ ಹಾಕಿದ ಸೀರೆ, ಕೈಗೆ ವಾಚು.

"ಪುಸ್ತಕ ತೆಗಿಯೋ. ಇವತ್ತು ನೀನೇ ನನ್ನ ಕ್ಲಾಸು."

ಮುಚ್ಚಿದ ಕೊಳವೆಯಲ್ಲಿ ನಲವತ್ತು ಎಂಎಲ್ ಹೈಡ್ರೋಜನ್, ಮೂವತ್ತು ಆಕ್ಸಿಜನ್. ಕಿಡಿ ಹೊತ್ತಿಸಿ, ಕೋಣೆಯ ಉಷ್ಣತೆಗೆ ತಣಿಸಿದರೆ ಉಳಿಯುವ ಅನಿಲವೆಷ್ಟು? ಎರಡು ಪಾಲು ಹೈಡ್ರೋಜನ್ನಿಗೆ ಒಂದು ಪಾಲು ಆಕ್ಸಿಜನ್. ಇಪ್ಪತ್ತು ಖರ್ಚಾಗಿ ಹತ್ತು ಉಳಿಯಿತು. ಹುಟ್ಟಿದ ಹಬೆ ನಲವತ್ತನ್ನೂ ಸೇರಿಸಿ ನಾನು ಐವತ್ತು ಎಂದೆ.

"ತಣ್ಣಗಾಯ್ತು ಅಂದ್ನಲ್ಲೋ ಪೆದ್ದ! ಹಬೆಯೆಲ್ಲ ನೀರಾಯ್ತು. ಉಳಿದಿದ್ದು ಹತ್ತೇ."

"ಮಿಕ್ಕಿದ್ದು ಎಲ್ಲಿ ಹೋಯ್ತು ಆಂಟಿ?"

"ಎಲ್ಲಿಗೆ ಹೋಗುತ್ತೆ? ಕೊಳವೆ ಮುಚ್ಚಿದೆ ಕಣೋ. ಅಲ್ಲೇ ಗೋಡೆಗೆ ಅಂಟ್ಕೊಂಡಿದೆ."

ಪಾಠ ಮುಗಿಸಿ ವಾಚು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟರು. "ಚೆನ್ನಾಗಿತ್ತೇನೋ?" ಎಂದು ಕೇಳಿದರು. ಏನು ಹೇಳಿದೆನೋ, ನೆನಪಿಲ್ಲ…

ನಾನು ಪಾಸಾದೆ, ಗೇಟು ದಾಟಿದೆ, ಯೂನಿವರ್ಸಿಟಿಯವರೆಗೂ ಹೋಗಿ ಎಲ್ಲವನ್ನೂ ಅನುಮಾನಿಸುವುದನ್ನು ಕಲಿತೆ. ಆಂಟಿಯ ಮನೆಯವರೆಲ್ಲ ಮನೆ ಬದಲಿಸಿ ಕೆಂಗೇರಿ ಕಡೆ ಹೋದರು. ಹೋದ ವರ್ಷ ಆಂಟಿ ತೀರಿಕೊಂಡ ಸುದ್ದಿ ಬಂದಾಗ ನನ್ನ ಅಕ್ಕನಿಗೆ ಬೀಗದ ವಿಷಯ ಹೇಳಿದೆ.

"ಯಾವ ಬೀಗನೋ? ಅತ್ತೆ ಬೇಡ ಅಂದ್ರು, ಅವರು ಹೋಗ್ಲಿಲ್ಲ. ಅಷ್ಟೇ."

ನನಗೋ ಬೀಗ ಕಣ್ಣಿಗೆ ಕಟ್ಟಿದಂತಿದೆ. ಹಿತ್ತಾಳೆಯದು, ದೊಡ್ಡದು. ಆದರೆ ಹಿತ್ತಿಲ ಮೆಟ್ಟಿಲಲ್ಲಿ ಕೂತವನಿಗೆ ಅವರ ಮುಂಬಾಗಿಲು ಕಾಣುತ್ತಲೇ ಇರಲಿಲ್ಲ… ಅಕ್ಕ ಹೇಳಿದ್ದೇ ನಿಜವಾದರೆ, ಆ ಸೀರೆ ಉಟ್ಟು ಅವರು ಅಷ್ಟು ಹೊತ್ತು ನಿಂತಿದ್ದು ತೆರೆದ ಬಾಗಿಲಿನ ಮನೆಯಲ್ಲಿ.

ಹನಿಗಳನ್ನು ಒರೆಸಲಿಲ್ಲ. ಮುಚ್ಚಳವನ್ನು ಹಾಗೇ ಬಾಣಲೆಯ ಮೇಲಿಟ್ಟೆ.