ಪಶ್ಚಿಮಕ್ಕೆ ಹಿಟ್ಟಿನ ಗಿರಣಿ

ಗಿರಣಿ ಅಕ್ಕನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಅದು ಅವಳ ತಪ್ಪೂ ಅಲ್ಲ ಬಿಡಿ. ಮದುವೆಯಾಗಿ ಬಂದಾಗಿನಿಂದ ಗಡಗಡ ಎನ್ನುವ ಹಿಟ್ಟಿನ ಗಿರಣಿಯ ಪಕ್ಕ ನಿಂತು "ದಪ್ಪ ಬೇಕಾ, ನುಣ್ಣಗೆ ಬೇಕಾ" ಎಂದು ಕೂಗಿ ಕೂಗಿ ಗಂಟಲು ಆ ಅಳತೆಗೇ ಕೂತುಬಿಟ್ಟಿದೆ. ಗುಟ್ಟು ಹೇಳ್ತೀನಿ ಬಾ ಎಂದು ಅವಳು ಯಾರನ್ನಾದರೂ ಪಕ್ಕಕ್ಕೆ ಕರೆದರೆ, ಬೀದಿಯ ಆ ತುದಿಯವರೂ ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸಿದಳು. ಬೀಸುವ ಕಲ್ಲು ಸವೆದರೆ ಉಳಿ ಹಿಡಿದು ತಾನೇ ಕೊರೆದಳು, ಬೆಲ್ಟು ಜಾರಿದರೆ ತಾನೇ ಏರಿಸಿದಳು, ಮಗಳನ್ನು ಓದಿಸಿದಳು. ರೆಪ್ಪೆಯ ಮೇಲೆ ಹಿಟ್ಟು ಕೂತಿರದ ಗಿರಣಿ ಅಕ್ಕನನ್ನು ಆ ಬೀದಿಯಲ್ಲಿ ಕಂಡವರಿಲ್ಲ.

ಅವಳ ಗಿರಣಿಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಮನೆಯವಳು ನರ್ಸಮ್ಮ. ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾದವಳು, ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಒಂಟಿಯಾಗಿ ನೆಮ್ಮದಿಯಾಗಿದ್ದವಳು. ಗಿರಣಿ ಅಕ್ಕ ಹತ್ತು ಮಾತಾಡಿದರೆ ಅವಳದು ಒಂದು. ಇವಳ ಕೈ ಬೆಲ್ಟಿಗೆ ಸಿಕ್ಕಿ ಹರಿದಾಗ ಹೊಲಿಗೆ ಹಾಕಿಸಿ, ಕೈ ಕೂಡುವವರೆಗೂ ತುತ್ತು ಮಾಡಿ ತಿನ್ನಿಸಿದ್ದು ನರ್ಸಮ್ಮ. ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡದ್ದೂ ಅವಳೇ. ಮಹಡಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೆಲ್ಲ ಹಿಟ್ಟು ಕೂತರೆ, "ನಿನ್ನ ದಯದಿಂದ ನನಗೆ ಪೌಡರ್ ಖರ್ಚು ಉಳೀತು ಅಕ್ಕ" ಎಂದು ಕೊಡವಿಕೊಳ್ಳುತ್ತಿದ್ದಳು. ಗಿರಣಿ ಅಕ್ಕ ಹೋ ಎಂದು ನಗುತ್ತಿದ್ದಳು.

ಒಂದು ಬೆಳಗ್ಗೆ, ಗಿರಾಕಿಗಳು ಬರುವ ಮುಂಚೆ, ಗಿರಣಿ ಅಕ್ಕ ಪೇಪರ್ ತಿರುವಿಹಾಕುತ್ತಿದ್ದಳು. 'ಹಿಟ್ಟಿನ ಗಿರಣಿ' ಎಂಬ ಅಕ್ಷರ ಕಣ್ಣಿಗೆ ಬಿತ್ತು. ಮೇಲೆ 'ಸಾರ್ವಜನಿಕ ಪ್ರಕಟಣೆ' ಎಂದಿತ್ತು. ಕೆಳಗೆ ಯಾವುದೋ ಮನೆಯ ನಾಲ್ಕು ದಿಕ್ಕಿನ ಎಲ್ಲೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಿಟ್ಟಿನ ಗಿರಣಿ.

"ಲೇ ಬಾರೇ ಇಲ್ಲಿ, ನಮ್ಮ ಗಿರಣಿ ಪೇಪರಲ್ಲಿ ಬಂದಿದೆ!" ಎಂದು ಮಗಳನ್ನು ಕೂಗಿದಳು. ಕೂಗಿದ ಮೇಲೆ ಉಳಿದದ್ದನ್ನು ಓದಿದಳು. ಈ ಮನೆಯನ್ನು ನಮ್ಮ ಕಕ್ಷಿದಾರರು ಕ್ರಯಕ್ಕೆ ಕೊಳ್ಳಲಿದ್ದಾರೆ, ಯಾರದಾದರೂ ತಕರಾರು ಇದ್ದಲ್ಲಿ ವಾರದೊಳಗೆ ಕೆಳಕಂಡ ವಕೀಲರಿಗೆ ತಿಳಿಸತಕ್ಕದ್ದು, ತಪ್ಪಿದಲ್ಲಿ ಯಾರ ತಕರಾರೂ ಇಲ್ಲವೆಂದು ಭಾವಿಸಲಾಗುವುದು.

ಗಿರಣಿಯನ್ನು ಪಶ್ಚಿಮಕ್ಕೆ ಇಟ್ಟುಕೊಂಡಿರುವ ಮನೆ ಇರುವುದು ಒಂದೇ. ನರ್ಸಮ್ಮನದು. ಹಿಂದಿನ ಸಂಜೆ ತಾನೇ ನರ್ಸಮ್ಮ ಬಂದು, ಸ್ಟೂಲಿನ ಮೇಲೆ ಕೂತು ಟೀ ಕುಡಿದು, ಗೋಧಿಹಿಟ್ಟು ತೆಗೆದುಕೊಂಡು ಹೋಗಿದ್ದಳು. ಮನೆ ಮಾರುವ ವಿಷಯಕ್ಕೆ ತುಟಿ ಪಿಟಕ್ಕೆಂದಿರಲಿಲ್ಲ.

"ಪಕ್ಕದ್ಮನೆ ತಾನೆ, ಹೋಗಿ ಕೇಳಮ್ಮ" ಎಂದಳು ಮಗಳು.

"ನಾನ್ಯಾಕೆ ಕೇಳ್ಲಿ? ಊರಿಗೆಲ್ಲ ಸಾರಿದ್ದಾಳೆ, ನನಗೊಂದು ಮಾತು ಹೇಳಿಲ್ಲ. ತಕರಾರು ಇದೆಯಾ ಅಂತ ಪೇಪರಲ್ಲಿ ಕೇಳಿದಾರಲ್ಲ? ಇದೆ. ಅಲ್ಲೇ ಹೋಗಿ ಹೇಳ್ತೀನಿ."

ಸಿಟ್ಟು ಬಂದರೆ ಅವಳು ಯಾರ ಮಾತೂ ಕೇಳುವವಳಲ್ಲ. ಗಿರಣಿಗೆ ಬೀಗ ಜಡಿದು, ಮುಖದ ಹಿಟ್ಟನ್ನೂ ಒರೆಸಿಕೊಳ್ಳದೆ ಹೊರಟಳು.

ವಕೀಲರ ಆಫೀಸು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಗೋಡೆಯುದ್ದಕ್ಕೂ ದಾರ ಕಟ್ಟಿದ ಫೈಲುಗಳು, ಒಂದು ಫ್ಯಾನು, ಮೇಜಿನ ಹಿಂದೆ ತನ್ನ ಮಗಳ ವಯಸ್ಸಿನ ಒಬ್ಬ ವಕೀಲಮ್ಮ. ಹುಡುಗಿ ಮರ್ಯಾದಸ್ಥೆ. ಕೂರಿಸಿ, ನೀರು ಕೊಟ್ಟು, ಪೆನ್ನು ತೆಗೆದಳು.

"ಹೇಳಿ ಅಮ್ಮ. ಆ ಮನೇಲಿ ನಿಮಗೆ ಪಾಲು ಬರಬೇಕಾ?"

"ಇಲ್ಲ."

"ಗೋಡೆ ಜಗಳ? ಅಡವು? ಹಿಂದೆ ನಿಮಗೇ ಮಾರ್ತೀನಿ ಅಂತ ಕರಾರು ಏನಾದರೂ?"

"ಅಂಥದ್ದೇನೂ ಇಲ್ಲ."

"ಮತ್ತೆ ತಕರಾರು ಏನು?"

"ಅವಳು ಹೋಗಬಾರದು!" ಕೆಳಗಿನ ಅಂಗಡಿಯಲ್ಲಿ ಮಾತ್ರೆ ಎಣಿಸುತ್ತಿದ್ದವನಿಗೆ ಲೆಕ್ಕ ತಪ್ಪಿರಬೇಕು.

ವಕೀಲಮ್ಮ ಪೆನ್ನು ಕೆಳಗಿಟ್ಟಳು. "ಅಮ್ಮ, ಅದು ಕಾನೂನಿನ ಪ್ರಕಾರ ತಕರಾರು ಆಗಲ್ಲ."

"ಗೊತ್ತು ಕಣಮ್ಮ, ನಾನೇನು ಅಷ್ಟು ದಡ್ಡಿಯಾ? ಯಾರದಾದರೂ ಇದ್ದರೆ ಹೇಳಿ ಅಂತ ಹಾಕಿಸಿದೋರು ನೀವು. ನಾನು ಹೇಳಿದೀನಿ. ಬರ್ಕೊಳ್ಳಿ, ಬರ್ಕೊಂಡು ಅವಳನ್ನ ಕರೆಸಿ ಕೇಳಿ."

ಬರೆದುಕೊಳ್ಳದಿದ್ದರೆ ಈಕೆ ಏಳುವವಳಲ್ಲ ಎಂದು ವಕೀಲಮ್ಮನಿಗೆ ಅರ್ಥವಾಯಿತು. ನರ್ಸಮ್ಮನಿಗೆ ಫೋನು ಮಾಡಿದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ನರ್ಸಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಾತು ಹೊರಡಲಿಲ್ಲ. ಮಾತು ಹೊರಡದಿರುವುದು ಅವಳ ಸ್ವಭಾವವೇ ಎಂದುಕೊಂಡ ಗಿರಣಿ ಅಕ್ಕ ಅವಳ ಮುಖವನ್ನೂ ಸರಿಯಾಗಿ ನೋಡಲಿಲ್ಲ.

"ಬಂದ್ಲು ಮಹಾರಾಣಿ! ನಾನು ಪೇಪರಲ್ಲಿ ಓದಿ ತಿಳ್ಕೋಬೇಕಿತ್ತೇನೇ? ಸಾರ್ವಜನಿಕರಿಗೆ ಅಂತ ಹಾಕಿಸಿದ್ದೀಯಲ್ಲ, ನಾನೇನು ನಿನಗೆ ಸಾರ್ವಜನಿಕರಾ? ನನ್ನ ಮಗಳನ್ನ ಎತ್ತಿ ಆಡಿಸಿದೋಳು, ನಿನ್ನೆ ನನ್ನ ಟೀ ಕುಡಿದೋಳು, ಒಂದು ಮಾತು ಹೇಳಕ್ಕೆ ನಿನ್ನ ಬಾಯಿಗೇನಾಗಿತ್ತು?"

"ಹೇಳಿದ್ರೆ ನೀನು ಗಿರಣಿ ಮುಚ್ತಿದ್ದೆ ಅಕ್ಕ."

"ನೀನು ಮನೆ ಮಾರೋದಕ್ಕೂ ನನ್ನ ಗಿರಣಿಗೂ ಎಲ್ಲಿಂದೆಲ್ಲಿಗೆ ಸಂಬಂಧ?"

ನರ್ಸಮ್ಮ ಉತ್ತರ ಕೊಡಲು ಹೋದಳು, ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ವಕೀಲಮ್ಮ ಎದ್ದು ಬಂದು ಬೆನ್ನು ಸವರಿ ಕುರ್ಚಿಗೆ ಕೂರಿಸಿದಳು. ಕೆಮ್ಮು ಇಳಿದ ಮೇಲೆ ನರ್ಸಮ್ಮ ಅಕ್ಕನ ಕಡೆ ನೋಡದೆ ಹೇಳಿದಳು: "ಹಿಟ್ಟಿನ ಧೂಳು. ಎದೆಗೆ ಇಳಿದಿದೆ. ಆ ಜಾಗ ಬಿಡಿ ಅಂತ ಡಾಕ್ಟರು ಹೇಳಿ ವರ್ಷವಾಯ್ತು."

ಗಿರಣಿ ಅಕ್ಕ ಮುಖದ ಹಿಟ್ಟನ್ನು ಸೆರಗಿನಿಂದ ಒರೆಸಿಕೊಂಡಳು. ಇಡೀ ವರ್ಷ ಇವಳು ಗೋಡೆಯ ಆಚೆ ಕೆಮ್ಮಿದ್ದಾಳೆ, ತಾನು ಈಚೆ ಗಿರಣಿ ಓಡಿಸಿದ್ದಾಳೆ. ಆ ಗಡಗಡದಲ್ಲಿ ಕೇಳಿಸುವುದಾದರೂ ಹೇಗೆ? ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಕೋಪ ಬಂತು, ತನ್ನ ಮೇಲೆ.

"ಈಗ ಇನ್ನೊಂದು ತೊಂದರೆ" ಎಂದಳು ವಕೀಲಮ್ಮ ಸಂಕೋಚದಿಂದ. "ನಾನು ಕೊಳ್ಳೋರ ಕಡೆಯವಳು. ಧೂಳಿನ ವಿಷಯ ಕಿವಿಗೆ ಬಿದ್ದ ಮೇಲೆ ಅವರಿಗೆ ಹೇಳದೆ ಇರೋ ಹಾಗಿಲ್ಲ."

ನರ್ಸಮ್ಮನ ಮುಖ ಬಿಳಿಚಿತು. ಊರ ಹೊರಗೆ ಬಯಲಿನ ಪಕ್ಕ ಒಂದು ಸಣ್ಣ ಮನೆಗೆ ಅವಳು ಮುಂಗಡ ಕೊಟ್ಟಾಗಿತ್ತು. ಇದು ಮಾರಾಟವಾಗದಿದ್ದರೆ ಅದು ಕೈಗೆ ಸಿಗುವಂತಿರಲಿಲ್ಲ. ಅಯ್ಯೋ ದೇವರೇ, ಗೆಳತಿಯನ್ನು ಉಳಿಸಿಕೊಳ್ಳಲು ಬಂದು ಅವಳ ಉಸಿರಿಗೇ ಅಡ್ಡ ನಿಂತೆನಲ್ಲ ಎಂದು ಗಿರಣಿ ಅಕ್ಕ ಸೆರಗು ಕಚ್ಚಿಕೊಂಡಳು.

ಕೊಳ್ಳುವವನು ಒಬ್ಬ ಬಡಗಿ. ವಕೀಲಮ್ಮ ಫೋನಿನ ಸ್ಪೀಕರ್ ಹಾಕಿ ವಿಷಯ ತಿಳಿಸಿದಾಗ ಅವನು ಬಿದ್ದು ಬಿದ್ದು ನಕ್ಕ. "ಧೂಳಾ? ಮೇಡಂ, ನಾವು ಸಂಸಾರ ಮಾಡೋದು ಬೇರೆ ಕಡೆ, ಆ ಮನೇಲಿ ಮರ ಕುಯ್ಯೋ ಮೆಷಿನ್ ಹಾಕೋದು. ಗಿರಣಿ ಅಮ್ಮಂಗೆ ಹೇಳಿ, ಅವರ ಹಿಟ್ಟು ಈ ಕಡೆ ಬಂದ್ರೆ ನನ್ನ ಹೊಟ್ಟು ಆ ಕಡೆ ಹೋಗುತ್ತೆ. ಲೆಕ್ಕ ಚುಕ್ತಾ!"

ಮೂವರಲ್ಲಿ ನಕ್ಕವಳು ವಕೀಲಮ್ಮ ಒಬ್ಬಳೇ.

ಮನೆಗೆ ಹೋಗುವ ದಾರಿಯಲ್ಲಿ ಇಬ್ಬರೂ ನಿಧಾನವಾಗಿ ನಡೆದರು. ಗಿರಣಿ ಅಕ್ಕ ಮೊದಲ ಸಲ ಅವಳ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿದಳು.

"ನಾನು ಗಿರಣಿ ಮುಚ್ತೀನಿ. ನೀನು ಇಲ್ಲೇ ಇರು."

"ಮುಚ್ಚಿ ಏನು ತಿಂತೀಯ? ನಿನ್ನ ಅನ್ನ ಕಿತ್ಕೊಂಡು ನಾನು ಉಸಿರಾಡ್ಲಾ?"

"ಬೇರೆ ಕಡೆ ಹಾಕ್ತೀನಿ."

"ಎಲ್ಲಿ ಹಾಕ್ತೀಯ? ಕರೆಂಟು, ಗಿರಾಕಿ, ಮೆಷಿನ್ನು ಎಲ್ಲ ಬೇರು ಬಿಟ್ಟಿರೋದು ಅಲ್ಲೇ. ನನಗೇನು, ಒಂದು ಮಂಚ, ಎರಡು ಟ್ರಂಕು. ಕಿತ್ತು ನೆಡೋದು ಸುಲಭ." ಅಷ್ಟು ಮಾತಿಗೇ ಅವಳಿಗೆ ಏದುಸಿರು ಬಂತು. ಅಕ್ಕ ಮುಂದೆ ವಾದಿಸಲಿಲ್ಲ.

ಮರುದಿನ ಹೋಗಿ ತಕರಾರು ವಾಪಸ್ ಪಡೆದಳು. ಪೇಪರಿನಲ್ಲಿ ಹೇಳಿದ್ದ ವಾರ ಮುಗಿಯಿತು, ಕ್ರಯಪತ್ರ ಸಿದ್ಧವಾಯಿತು. ಮಾರುವವರನ್ನು ಬಲ್ಲೆ ಎಂದು ಅಧಿಕಾರಿಯ ಮುಂದೆ ಗುರುತಿಸಲು ಒಬ್ಬ ಸಾಕ್ಷಿ ಬೇಕಲ್ಲ, ನರ್ಸಮ್ಮ ಗಿರಣಿಯ ಬಾಗಿಲಿಗೆ ಬಂದು, "ನೀನೇ ಬಾ ಅಕ್ಕ" ಎಂದಳು. ಬರುವುದಿಲ್ಲ ಎಂಬ ಮಾತು ಅಕ್ಕನ ನಾಲಿಗೆ ತುದಿಗೆ ಬಂದಿತ್ತು. ಬೀಗದ ಕೈ ಎತ್ತಿಕೊಂಡು ಹೊರಟಳು.

ನೋಂದಣಿ ಕಚೇರಿಯಲ್ಲಿ ಬೆಂಚುಗಳು ತುಂಬಿದ್ದವು. ಫೋಟೊಗೆ ಒಂದು ಸಾಲು, ಹೆಬ್ಬೆಟ್ಟಿಗೆ ಒಂದು ಸಾಲು. ನರ್ಸಮ್ಮನ ಸರದಿ ಬಂತು. ಬಡಗಿ ಒಂದು ಪಕ್ಕ, ಅಕ್ಕ ಇನ್ನೊಂದು ಪಕ್ಕ. ಅಧಿಕಾರಿ ಹಾಳೆ ಮಗುಚುತ್ತಾ, ತಲೆ ಎತ್ತದೆ ಕೇಳಿದ: "ಮಾರ್ತಿರೋರು ಇವರೇನಾ? ನಿಮಗೆ ಇವರು ಗೊತ್ತಾ?"

ಗಿರಣಿ ಅಕ್ಕ ನರ್ಸಮ್ಮನ ಕಡೆ ನೋಡಿದಳು. ಗೊತ್ತಿಲ್ಲ ಎಂದರೆ ಇವತ್ತಿನ ಕೆಲಸ ಇಲ್ಲಿಗೆ ನಿಂತಿತು. ಇನ್ನೊಂದು ವಾರ ಅವಳು ಗೋಡೆಯ ಆಚೆಯೇ ಇರುತ್ತಾಳೆ. ಆ ಆಸೆ ಬಂದದ್ದು ಸುಳ್ಳಲ್ಲ.

"ಗೊತ್ತು ಅಂದ್ಕೊಂಡಿದ್ದೆ ಸ್ವಾಮಿ" ಎಂದಳು.

ಅಧಿಕಾರಿ ತಲೆ ಎತ್ತಿದ. ಬಡಗಿ ಗಾಬರಿಯಾದ. "ಅಂದ್ಕೊಂಡಿದ್ದೆ ಅಂದ್ರೇನಮ್ಮ? ಗೊತ್ತಿದ್ರೆ ಗೊತ್ತು ಅನ್ನಿ, ಇಲ್ಲದಿದ್ರೆ ಬೇರೆ ಸಾಕ್ಷಿ ಕರ್ಕೊಂಡು ಬರಲಿ" ಎಂದ ಅಧಿಕಾರಿ.

"ಗೊತ್ತು" ಎಂದಳು ಗಿರಣಿ ಅಕ್ಕ. ಇಡೀ ಕಚೇರಿ ತಿರುಗಿ ನೋಡಿತು. "ನನ್ನ ಗಿರಣಿ ನಿಲ್ಲಬಾರದು ಅಂತ ಇಡೀ ವರ್ಷ ಉಸಿರು ಕಟ್ಕೊಂಡು ಗೋಡೆ ಆಚೆ ಕೂತಿದ್ದೋಳು ಇವಳೇ. ಇವಳನ್ನ ಗುರುತಿಸಕ್ಕೆ ನನ್ನ ಬಿಟ್ಟು ಇನ್ಯಾರು ಬರಬೇಕು? ಎಲ್ಲಿ ಸಹಿ ಹಾಕ್ಲಿ, ಹೇಳಿ."

ಅವನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದಳು. ಪೆನ್ನು ಇಟ್ಟು ಪಕ್ಕಕ್ಕೆ ನೋಡಿದರೆ, ಎಂದೂ ಅಳದ ನರ್ಸಮ್ಮ ಎಲ್ಲರೆದುರೇ ಅಳುತ್ತಿದ್ದಳು.

"ಅಳಬೇಡ ಸುಮ್ನಿರೇ" ಎಂದಳು ಗಿರಣಿ ಅಕ್ಕ, ಅವಳ ಬೆನ್ನ ಮೇಲೆ ಕೈಯಿಟ್ಟು. "ಅತ್ರೆ ಕೆಮ್ಮು ಬರುತ್ತೆ."